ಹತ್ತು ಮಂದಿಗೆ ಏಳೇಳು ವರ್ಷ: ಸತ್ಯಂ ಹಗರಣ ಉಳಿಸಿಹೋದ ಪ್ರಶ್ನೆ

2009ರ ಜನವರಿ 7, ಬುಧವಾರ. ಷೇರುಪೇಟೆಯ ವಹಿವಾಟು ಶುರುವಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ಆಡಳಿತ ಮಂಡಳಿಗೆ ಬರೆದ ಪತ್ರವೊಂದು ಷೇರುಪೇಟೆ ನಿಯಂತ್ರಕ ಸೆಬಿಗೂ ಷೇರುಪೇಟೆಗಳಿಗೂ ತಲುಪಿತು. ಕಂಪನಿಯ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಬಾಕಿ ಎಂದು ತೋರಿಸಿದ್ದ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅದರಲ್ಲಿತ್ತು. ಇಲ್ಲದ ಆ ಹಣಕ್ಕೆ ಬರಬೇಕಾದ ಬಡ್ಡಿ ಎಂದು ಬರೆದುಕೊಂಡಿದ್ದ 376 ಕೋಟಿಯೂ ಸುಳ್ಳು. 2008ರ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳಲ್ಲಿ 2,700 ಕೋಟಿ ಆದಾಯ, 649 ಕೋಟಿ ಲಾಭ ಎಂದು ಸಾರಿದ್ದರು. ನಿಜವಾದ ಆದಾಯ 2,112 ಕೋಟಿ, ಲಾಭ ಬರೀ 61 ಕೋಟಿ. ಹಿಂದಿನ ದಿನ 179 ರೂಪಾಯಿ ಇದ್ದ ಷೇರು ಸಂಜೆಯ ಹೊತ್ತಿಗೆ 40 ರೂಪಾಯಿಗೆ ಕುಸಿದಿತ್ತು.

ಆ ಪತ್ರದಲ್ಲಿ ಇನ್ನೂ ಒಂದು ಮಾತಿತ್ತು. ಮಂಡಳಿಯ ಸದಸ್ಯರಿಗೆ ಇದಾವುದೂ ಗೊತ್ತಿಲ್ಲ, ಹಿರಿಯ ಅಧಿಕಾರಿಗಳಿಗೂ ಗೊತ್ತಿಲ್ಲ, ತಾನಾಗಲಿ ತನ್ನ ತಮ್ಮನಾಗಲಿ ಕಂಪನಿಯಿಂದ ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ ಎಂದು ರಾಜು ಬರೆದಿದ್ದರು. ಓದಿದವರಿಗೆಲ್ಲ ಹುಟ್ಟಿದ ಪ್ರಶ್ನೆ ಒಂದೇ. ಐದು ಸಾವಿರ ಕೋಟಿಯ ಸುಳ್ಳನ್ನು ವರ್ಷಗಟ್ಟಲೆ ಇಬ್ಬರೇ ಬರೆದರೇ? ಸುಳ್ಳು ಬಿಲ್ಲನ್ನು ಟೈಪ್ ಮಾಡಿದವರು ಯಾರು, ಬ್ಯಾಂಕಿನ ಹೆಸರಿನಲ್ಲಿ ಕಾಗದ ತಯಾರಿಸಿದವರು ಯಾರು, ಅದನ್ನು ನೋಡಿ ಸರಿ ಎಂದು ಸಹಿ ಹಾಕಿದವರು ಯಾರು? ಈ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಡಲು ಆರು ವರ್ಷ ಹಿಡಿಯಿತು. ಉತ್ತರದ ಜೊತೆಗೆ ಅದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆಯೂ ಹುಟ್ಟಿತು. ತಪ್ಪಿಗೆ ಅಪ್ಪಣೆ ಕೊಟ್ಟವನಿಗೂ ಅಪ್ಪಣೆ ಪಾಲಿಸಿದವನಿಗೂ ಶಿಕ್ಷೆ ಒಂದೇ ಆಗಿರಬೇಕೇ?

ನಮ್ಮ ಸೀಮೆಗೆ ಹತ್ತಿರದ ಊರು

ಕಲಬುರಗಿ ಸೀಮೆಯವರಿಗೆ ಹೈದರಾಬಾದ್ ಪರ ಊರಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯ ಬದಲಾದರೂ ದುಡಿಯಲು ಹೋಗುವ ದಾರಿ ಬದಲಾಗಲಿಲ್ಲ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಖಜೂರಿಯಂಥ ಊರಿನ ಹುಡುಗ ಡಿಗ್ರಿ ಮುಗಿಸಿ ಕೆಲಸ ಹುಡುಕಿ ಹೊರಟರೆ ಸೊಲ್ಲಾಪುರ, ಪುಣೆ, ಹೈದರಾಬಾದ್, ಬೆಂಗಳೂರು ಇವೇ ಅವನ ಮುಂದಿನ ಊರುಗಳು. ಬಿ.ಕಾಂ. ಓದಿದವನಿಗೆ ಅಲ್ಲಿ ಸಿಗುವುದು ಅಕೌಂಟ್ಸ್ ವಿಭಾಗದ ಕೆಳಗಿನ ಕುರ್ಚಿ.

ಸತ್ಯಂ ಹುಟ್ಟಿದ್ದು 1987ರಲ್ಲಿ. 2001ರಲ್ಲಿ ಅದು ನ್ಯೂಯಾರ್ಕ್ ಷೇರುಪೇಟೆಗೆ ಹೋಯಿತು. ಹಗರಣ ಹೊರಬೀಳುವ ಹೊತ್ತಿಗೆ ಅದರ ನೌಕರರ ಸಂಖ್ಯೆ ಸುಮಾರು 53,000. ರಾಜು ಅವರ ಹೆಸರು ಬಹಳ ದೊಡ್ಡದಾಗಿತ್ತು. 2005ರಲ್ಲಿ 108 ಆಂಬುಲೆನ್ಸ್ ಸೇವೆಯನ್ನು ಆಂಧ್ರದಲ್ಲಿ ಆರಂಭಿಸಿದ ಇಎಂಆರ್‌ಐ ಸಂಸ್ಥೆಯನ್ನು ಕಟ್ಟಿದವರು ಅವರೇ. 2008ರ ನವೆಂಬರ್ 1ರಂದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 108 ಕರ್ನಾಟಕಕ್ಕೂ ಬಂತು. ನಮ್ಮ ಹಳ್ಳಿಗಳಲ್ಲಿ ಹೆರಿಗೆ ನೋವಿಗೂ ಹಾವು ಕಡಿತಕ್ಕೂ ಜನ 108 ಒತ್ತುವುದನ್ನು ಕಲಿತ ಎರಡೇ ತಿಂಗಳಿಗೆ ಅದರ ಸ್ಥಾಪಕರು ಜೈಲಿಗೆ ಹೋದರು. ಹಗರಣಕ್ಕೆ ನಾಲ್ಕು ತಿಂಗಳ ಮುಂಚೆಯಷ್ಟೇ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಸತ್ಯಂಗೆ 'ಗೋಲ್ಡನ್ ಪೀಕಾಕ್' ಪ್ರಶಸ್ತಿ ಸಿಕ್ಕಿತ್ತು.

ಇಂಥ ಹೆಸರಿರುವ ಮಾಲೀಕರು 'ಈ ಬಿಲ್ಲು ಸೇರಿಸಿಬಿಡಿ' ಎಂದಾಗ ಕೆಳಗಿನ ನೌಕರನಿಗೆ ಎದುರು ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು?

ಬಿಲ್ಲು ಹುಟ್ಟಿದ ಬಗೆ

ಸತ್ಯಂನಲ್ಲಿ ಒಂದು ಬಿಲ್ಲು ಹುಟ್ಟಬೇಕಾದರೆ ಹಲವು ಮೆಟ್ಟಿಲು ಹತ್ತಬೇಕಿತ್ತು. ಮೊದಲು ಪ್ರಾಜೆಕ್ಟಿಗೆ ಒಂದು ಗುರುತಿನ ಸಂಖ್ಯೆ. ಆಮೇಲೆ ಇಂಜಿನಿಯರುಗಳು ಎಷ್ಟು ಗಂಟೆ ದುಡಿದರು ಎಂಬ ಲೆಕ್ಕ 'ಆನ್‌ಟೈಮ್' ಎಂಬ ತಂತ್ರಾಂಶಕ್ಕೆ. ಅಲ್ಲಿಂದ ಗ್ರಾಹಕರಿಗೆ ಹಾಕಬೇಕಾದ ದರ. ಕೊನೆಗೆ 'ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಂ'ನಲ್ಲಿ ಬಿಲ್ಲು. ಒಂದೊಂದು ಮೆಟ್ಟಿಲಲ್ಲೂ ಬೇರೆ ಬೇರೆಯವರ ಕಣ್ಣಿರುತ್ತಿತ್ತು.

ವಂಚನೆಗೆ ಹಿಡಿದದ್ದು ಇವೆಲ್ಲವನ್ನೂ ತಪ್ಪಿಸಿ ಹೋಗುವ ಅಡ್ಡದಾರಿ. ಎಕ್ಸೆಲ್ ಹಾಳೆಯಲ್ಲಿ ತುಂಬಿದ ವಿವರವನ್ನು ನೇರವಾಗಿ ಕೊನೆಯ ಮೆಟ್ಟಿಲಿಗೆ ಸುರಿಯುವ ವ್ಯವಸ್ಥೆ ಇತ್ತು. 'ಸೂಪರ್ ಯೂಸರ್' ಎಂಬ ಲಾಗಿನ್ ಇದ್ದವರು ಯಾವ ಬಿಲ್ಲು ಇತರರಿಗೆ ಕಾಣಬೇಕು, ಯಾವುದು ಕಾಣಬಾರದು ಎಂದು ಗುರುತು ಹಾಕಬಹುದಿತ್ತು. ಕಾಣುವ ಬಿಲ್ಲಿಗೆ 'ಎಸ್', ಬಚ್ಚಿಟ್ಟ ಬಿಲ್ಲಿಗೆ 'ಎಚ್'. ಬಚ್ಚಿಟ್ಟ ಬಿಲ್ಲು ಗ್ರಾಹಕರ ಜೊತೆ ದಿನನಿತ್ಯ ವ್ಯವಹರಿಸುವ ವಿಭಾಗದವರ ಕಣ್ಣಿಗೆ ಬೀಳುತ್ತಿರಲಿಲ್ಲ. ಬಿದ್ದಿದ್ದರೆ 'ಈ ಕೆಲಸ ನಾವು ಮಾಡಿಯೇ ಇಲ್ಲವಲ್ಲ' ಎನ್ನುತ್ತಿದ್ದರು. ಆದರೆ ಒಟ್ಟು ಆದಾಯದಲ್ಲಿ ಮಾತ್ರ ಅದು ಸೇರಿಕೊಳ್ಳುತ್ತಿತ್ತು. 2003ರಿಂದ 2008ರವರೆಗೆ ಹೀಗೆ 7,561 ನಕಲಿ ಬಿಲ್ಲುಗಳು, ಒಟ್ಟು 5,117 ಕೋಟಿ ರೂಪಾಯಿಗೆ ತಯಾರಾದವು ಎಂದು ಸಿಬಿಐ ಲೆಕ್ಕ ಹಾಕಿತು. ಮೊಬಿಟೆಲ್, ಸೆಲ್‌ನೆಟ್, ನಾರ್ತ್‌ಸೀ, ಹಾರ್‌ಗ್ರೀವ್ಸ್ ಮುಂತಾಗಿ ಏಳು ಗ್ರಾಹಕ ಕಂಪನಿಗಳ ಹೆಸರನ್ನೂ ಸೃಷ್ಟಿಸಿದ್ದರು.

ಬಿಲ್ಲು ಇದ್ದಮೇಲೆ ಹಣ ಬಂದಂತೆ ತೋರಿಸಬೇಕಲ್ಲ. ಅದಕ್ಕಾಗಿ ಬ್ಯಾಂಕಿನ ನಕಲಿ ಸ್ಟೇಟ್‌ಮೆಂಟು, ನಕಲಿ ಠೇವಣಿ ರಸೀದಿ, ನಕಲಿ ದೃಢೀಕರಣ ಪತ್ರ. ಬ್ಯಾಂಕಿನಲ್ಲಿ ಹಣವಿದೆಯೇ ಎಂದು ಲೆಕ್ಕಪರಿಶೋಧಕರು ನೇರವಾಗಿ ಬ್ಯಾಂಕನ್ನು ಕೇಳಿ, ಉತ್ತರವನ್ನು ಬ್ಯಾಂಕಿನಿಂದಲೇ ಪಡೆಯಬೇಕು. ಸತ್ಯಂನ ಲೆಕ್ಕಪರಿಶೋಧಕರಾಗಿದ್ದ ಪ್ರೈಸ್ ವಾಟರ್‌ಹೌಸ್‌ನವರು ಆ ಕೆಲಸದ ಹಿಡಿತವನ್ನು ಕಂಪನಿಯ ಕೈಗೇ ಬಿಟ್ಟಿದ್ದರು. ಅಮೆರಿಕದ ನಿಯಂತ್ರಕರು 2011ರಲ್ಲಿ ಇದೇ ಲೋಪಕ್ಕಾಗಿ ಆ ಸಂಸ್ಥೆಯ ಭಾರತೀಯ ಶಾಖೆಗಳಿಗೆ ಒಟ್ಟು 75 ಲಕ್ಷ ಡಾಲರ್ ದಂಡ ಹಾಕಿದರು.

ಇಲ್ಲಿ ಒಂದು ಸಂಗತಿ ಸ್ಪಷ್ಟ. 7,561 ಬಿಲ್ಲುಗಳನ್ನು ಅಧ್ಯಕ್ಷರೇ ಕುಳಿತು ಟೈಪ್ ಮಾಡಿದ್ದಲ್ಲ. ಕೆಳಗಿನವರ ಕೈ ಇಲ್ಲದೆ ಈ ವಂಚನೆ ಒಂದು ದಿನವೂ ನಡೆಯುತ್ತಿರಲಿಲ್ಲ. ಆದರೆ ಆ ಕೈಗಳು ತಾವಾಗಿಯೇ ಕೆಲಸಕ್ಕಿಳಿದವೂ ಅಲ್ಲ.

ಒಂದೇ ಸಾಲಿನಲ್ಲಿ ನಿಂತ ಹತ್ತು ಮಂದಿ

ಪತ್ರ ಹೊರಬಿದ್ದ ಎರಡು ದಿನಕ್ಕೆ ಆಂಧ್ರ ಪೊಲೀಸರು ರಾಜು ಸಹೋದರರನ್ನು ಬಂಧಿಸಿದರು. ಮರುದಿನ ಮುಖ್ಯ ಹಣಕಾಸು ಅಧಿಕಾರಿ ವದ್ಲಮಾನಿ ಶ್ರೀನಿವಾಸ್, ಅದೇ ತಿಂಗಳು ಇಬ್ಬರು ಲೆಕ್ಕಪರಿಶೋಧಕರು. ಫೆಬ್ರುವರಿಯಲ್ಲಿ ತನಿಖೆ ಸಿಬಿಐಗೆ ಹೋಯಿತು. ಮೇಲಿನಿಂದ ಶುರುವಾದ ಬಂಧನ ಹಣಕಾಸು ವಿಭಾಗದ ಕೆಳಗಿನ ಮಜಲಿಗೂ ಇಳಿಯಿತು. ಕೊನೆಗೆ ಕಟಕಟೆಯಲ್ಲಿ ನಿಂತವರು ಹತ್ತು ಮಂದಿ: ರಾಮಲಿಂಗ ರಾಜು, ಅವರ ಇಬ್ಬರು ಸಹೋದರರು, ಮುಖ್ಯ ಹಣಕಾಸು ಅಧಿಕಾರಿ, ಇಬ್ಬರು ಲೆಕ್ಕಪರಿಶೋಧಕರು, ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥ, ಹಣಕಾಸು ವಿಭಾಗದ ಉಪಾಧ್ಯಕ್ಷ, ಹಿರಿಯ ವ್ಯವಸ್ಥಾಪಕ ಮತ್ತು ಒಬ್ಬ ಸಹಾಯಕ ವ್ಯವಸ್ಥಾಪಕ. ಇನ್ನೂರಕ್ಕೂ ಹೆಚ್ಚು ಸಾಕ್ಷಿಗಳ ವಿಚಾರಣೆ ನಡೆಯಿತು. ಸುಮಾರು 3,000 ದಾಖಲೆಗಳನ್ನು ನ್ಯಾಯಾಲಯ ಪರಿಶೀಲಿಸಿತು.

2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ಹತ್ತೂ ಮಂದಿ ತಪ್ಪಿತಸ್ಥರು ಎಂದಿತು. ಒಳಸಂಚು, ವಂಚನೆ, ನಂಬಿಕೆದ್ರೋಹ, ನಕಲಿ ದಾಖಲೆ ಸೃಷ್ಟಿ ಮುಂತಾದವು ಅಪರಾಧಗಳು. ಅಧ್ಯಕ್ಷರಿಗೆ ಏಳು ವರ್ಷ ಕಠಿಣ ಸಜೆ, ಸಹಾಯಕ ವ್ಯವಸ್ಥಾಪಕರಿಗೂ ಏಳು ವರ್ಷ ಕಠಿಣ ಸಜೆ. ವ್ಯತ್ಯಾಸ ಇದ್ದದ್ದು ದಂಡದಲ್ಲಿ ಮಾತ್ರ. ರಾಮಲಿಂಗ ರಾಜು ಮತ್ತು ಅವರ ತಮ್ಮ ರಾಮ ರಾಜು ಅವರಿಗೆ ತಲಾ ಐದು ಕೋಟಿಯ ಆಸುಪಾಸು, ಉಳಿದವರಿಗೆ 20ರಿಂದ 25 ಲಕ್ಷ.

ಅಂಕಿ ನೋಡಿದರೆ ಮಾಲೀಕರಿಗೇ ಹೆಚ್ಚು ದಂಡ ಬಿದ್ದಂತೆ ಕಾಣುತ್ತದೆ. ಆದರೆ ತೀರ್ಪಿಗೆ ಹಿಂದಿನ ವರ್ಷ, 2014ರ ಜುಲೈನಲ್ಲಿ, ಸೆಬಿ ಒಂದು ಆದೇಶ ಹೊರಡಿಸಿತ್ತು. ರಾಜು ಸೇರಿ ಐವರು 1,849 ಕೋಟಿ ರೂಪಾಯಿಯ ಅಕ್ರಮ ಲಾಭವನ್ನು ಬಡ್ಡಿಸಮೇತ ಹಿಂದಿರುಗಿಸಬೇಕು, 14 ವರ್ಷ ಷೇರುಪೇಟೆಗೆ ಕಾಲಿಡಬಾರದು ಎಂದು ಅದರಲ್ಲಿತ್ತು. ಆ ಮೊತ್ತದ ಬಗ್ಗೆ ವ್ಯಾಜ್ಯ ಮುಂದೆಯೂ ನಡೆಯಿತು, ಅದು ಬೇರೆ ಮಾತು. ಇಂಥ ಲೆಕ್ಕದ ಮುಂದೆ ಐದು ಕೋಟಿ ಎಷ್ಟು ದೊಡ್ಡದು? ತಿಂಗಳ ಸಂಬಳದಲ್ಲಿ ಮನೆ ನಡೆಸುವ ಸಹಾಯಕ ವ್ಯವಸ್ಥಾಪಕನಿಗೆ 20 ಲಕ್ಷ ಎಷ್ಟು ದೊಡ್ಡದು? ಒಬ್ಬರ ಗಳಿಕೆಯ ಅಂಚು ತಾಗುವ ದಂಡ ಇನ್ನೊಬ್ಬರ ಮನೆಯನ್ನೇ ಮುಳುಗಿಸುತ್ತದೆ.

ತೀರ್ಪು ಬಂದು ಒಂದು ತಿಂಗಳು ಕಳೆದ ಕೂಡಲೇ, ಮೇ 11ರಂದು, ಮೇಲಿನ ನ್ಯಾಯಾಲಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಹತ್ತೂ ಮಂದಿಗೆ ಜಾಮೀನು ಕೊಟ್ಟಿತು. ವಿಚಾರಣೆಯ ಕಾಲದಲ್ಲೇ ರಾಜು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ದೊಡ್ಡವರು ಪೂರ್ತಿ ತಪ್ಪಿಸಿಕೊಂಡರು ಎಂಬ ಮಾತು ಸತ್ಯಂ ಮಟ್ಟಿಗೆ ಸರಿಯಲ್ಲ.

ಗುಮಾಸ್ತನಿಂದ ಶುರುವಾಗುವ ಕಾನೂನು

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? ಲೆಕ್ಕ ತಿರುಚುವ ಅಪರಾಧಕ್ಕೆ ಭಾರತೀಯ ದಂಡಸಂಹಿತೆಯಲ್ಲಿದ್ದ ಕಲಂ 477-ಎ ಬ್ರಿಟಿಷರು 1895ರಲ್ಲಿ ಸೇರಿಸಿದ್ದು. ಗುಮಾಸ್ತ, ಅಧಿಕಾರಿ ಅಥವಾ ನೌಕರನಾಗಿದ್ದು ಮೋಸದ ಉದ್ದೇಶದಿಂದ ಲೆಕ್ಕಪುಸ್ತಕ ತಿರುಚಿದವನಿಗೆ ಏಳು ವರ್ಷದವರೆಗೆ ಸಜೆ ಎಂಬುದು ಅದರ ಸಾರ. ಅಪರಾಧಿಗಳ ಪಟ್ಟಿಯಲ್ಲಿ ಮೊದಲ ಹೆಸರೇ ಗುಮಾಸ್ತನದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಅಪರಾಧ ಕಲಂ 344 ಆಗಿ ಮುಂದುವರಿದಿದೆ.

'ಸಾಹೇಬರು ಹೇಳಿದರು, ಮಾಡಿದೆ' ಎಂಬುದು ಸಮರ್ಥನೆಯಾಗುತ್ತದೆಯೇ? ಇಲ್ಲ. ಒತ್ತಾಯಕ್ಕೆ ಮಣಿದು ಮಾಡಿದ ಕೃತ್ಯಕ್ಕೆ ವಿನಾಯಿತಿ ಕೊಡುವ ಕಲಂ ಒಂದಿದೆ, ಹಿಂದೆ 94, ಈಗ 32. ಮಾಡದಿದ್ದರೆ ಆ ಕ್ಷಣವೇ ಪ್ರಾಣ ಹೋಗುತ್ತದೆ ಎಂಬ ಸಕಾರಣ ಭಯ ಇರಬೇಕು ಎಂಬುದು ಅದರ ಷರತ್ತು. ಕೆಲಸ ಹೋಗುತ್ತದೆ, ಸಾಲದ ಕಂತು ಕಟ್ಟಲಾಗುವುದಿಲ್ಲ, ತಂಗಿಯ ಮದುವೆ ನಿಲ್ಲುತ್ತದೆ ಎಂಬ ಭಯಗಳಿಗೆ ಅಲ್ಲಿ ಜಾಗವಿಲ್ಲ. ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ನ್ಯಾಯಾಧೀಶರು ಇವನ್ನು ಪರಿಗಣಿಸಬಹುದು, ಪರಿಗಣಿಸಲೇಬೇಕೆಂಬ ನಿಯಮವಿಲ್ಲ.

ಈ ಕಠಿಣತೆಗೆ ಕಾರಣವಿಲ್ಲದಿಲ್ಲ. ಅಪ್ಪಣೆ ಎಂಬ ನೆಪಕ್ಕೆ ಕ್ಷಮೆ ಸಿಗುತ್ತದೆಂದಾದರೆ ನಾಳೆ ಪ್ರತಿಯೊಬ್ಬ ಗುಮಾಸ್ತನೂ ಅದನ್ನೇ ಹೇಳುತ್ತಾನೆ, ಪ್ರತಿಯೊಬ್ಬ ಮಾಲೀಕನೂ ಅದನ್ನೇ ನೆಚ್ಚಿಕೊಳ್ಳುತ್ತಾನೆ. ಷೇರಿಗೆ ಹಣ ಹಾಕಿ ಕಳೆದುಕೊಂಡ ನಿವೃತ್ತ ಮೇಷ್ಟ್ರಿಗೆ ಬಿಲ್ಲು ಟೈಪ್ ಮಾಡಿದವನ ಕಷ್ಟದಿಂದ ಯಾವ ಪರಿಹಾರವೂ ಇಲ್ಲ. ಸುಳ್ಳು ಎಂದು ಗೊತ್ತಿದ್ದೂ ಬರೆದವನು ತಪ್ಪಿತಸ್ಥನೇ. ಆದ್ದರಿಂದ ಕೆಳಗಿನ ನೌಕರನಿಗೆ ಶಿಕ್ಷೆಯೇ ಬೇಡ ಎಂಬುದು ನನ್ನ ವಾದವಲ್ಲ.

ಕೋರ್ಟು ಹಾಕದ ಶಿಕ್ಷೆ

ಸತ್ಯಂನಲ್ಲಿ ಹತ್ತು ಮಂದಿಗೆ ನ್ಯಾಯಾಲಯ ಶಿಕ್ಷೆ ವಿಧಿಸಿತು. ಯಾವ ತಪ್ಪನ್ನೂ ಮಾಡದ ಸಾವಿರಾರು ಜನರಿಗೆ ಶಿಕ್ಷೆ ತಾನಾಗಿಯೇ ಬಂತು. 2009ರ ಜನವರಿಯಲ್ಲಿ ಕಂಪನಿಯ ಬಳಿ ಸಂಬಳಕ್ಕೂ ಹಣವಿದೆಯೇ ಎಂಬ ಅನುಮಾನ ಎದ್ದಿತು. ಸರ್ಕಾರ ಹಳೆಯ ಮಂಡಳಿಯನ್ನು ಕಿತ್ತುಹಾಕಿ ಕಿರಣ್ ಕಾರ್ಣಿಕ್, ದೀಪಕ್ ಪಾರೇಖ್, ಸಿ. ಅಚ್ಯುತನ್ ಮೊದಲಾದವರನ್ನು ನೇಮಿಸಿತು. ಅವರು ಬ್ಯಾಂಕುಗಳಿಂದ 600 ಕೋಟಿ ಸಾಲದ ವ್ಯವಸ್ಥೆ ಮಾಡಿ ಕಂಪನಿಯನ್ನು ಎತ್ತಿ ನಿಲ್ಲಿಸಿದರು. ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರ ಅದನ್ನು ಷೇರಿಗೆ 58 ರೂಪಾಯಿಯಂತೆ ಕೊಂಡಿತು. ಆಮೇಲೆ ಕೈಯಲ್ಲಿ ಪ್ರಾಜೆಕ್ಟ್ ಇಲ್ಲದ ಸಾವಿರಾರು ನೌಕರರನ್ನು 'ವರ್ಚುವಲ್ ಪೂಲ್' ಎಂಬ ಪಟ್ಟಿಗೆ ಸೇರಿಸಿದರು. ಮೂಲ ವೇತನ, ಭವಿಷ್ಯ ನಿಧಿ, ವೈದ್ಯಕೀಯ ವಿಮೆ ಇಷ್ಟೇ ಕೊಟ್ಟು ಮನೆಯಲ್ಲಿರಿ ಎಂದರು. ಬ್ಯಾಂಕಿನ ಗೃಹಸಾಲ ಮೂಲ ವೇತನದ ಲೆಕ್ಕದಲ್ಲಿ ಕೊಟ್ಟದ್ದಾಗಿರಲಿಲ್ಲ.

ನಮ್ಮ ಊರುಗಳಲ್ಲಿ ಇದರ ಚಿಕ್ಕ ರೂಪವನ್ನು ಎಲ್ಲರೂ ಕಂಡಿದ್ದಾರೆ. ಪಿಗ್ಮಿ ಠೇವಣಿ ಹುಟ್ಟಿದ್ದೇ ಕರ್ನಾಟಕದಲ್ಲಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಅದನ್ನು ಆರಂಭಿಸಿತು. ಸೊಸೈಟಿಯೊಂದು ಮುಳುಗಿದಾಗ ಜನ ಮೊದಲು ಹಿಡಿಯುವುದು ದಿನಾ ಅಂಗಡಿಗೆ ಬಂದು ಹಣ ವಸೂಲು ಮಾಡುತ್ತಿದ್ದ ಪಿಗ್ಮಿ ಏಜೆಂಟನನ್ನು. ಅಧ್ಯಕ್ಷರ ಮನೆ ಎಲ್ಲಿದೆಯೆಂದು ಠೇವಣಿದಾರರಿಗೆ ಗೊತ್ತಿರುವುದಿಲ್ಲ, ಏಜೆಂಟನ ಮನೆ ಮುಂದಿನ ಓಣಿಯಲ್ಲೇ ಇರುತ್ತದೆ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಗಾದೆಯನ್ನು ಅವನಷ್ಟು ಅನುಭವಿಸಿದವರು ಇಲ್ಲ.

ಹೊರಗೂ ಒಳಗೂ ಇದೇ ಕಥೆ

ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಒಬ್ಬ ಗ್ರಾಹಕನಿಗೆ ಎಂಟು ಸೇವೆ ಮಾರಬೇಕು ಎಂಬ ಗುರಿಯನ್ನು ಮೇಲಿನವರು ಹೊರಿಸಿದ್ದರು. ಗುರಿ ಮುಟ್ಟಲು ನೌಕರರು ಗ್ರಾಹಕರಿಗೆ ತಿಳಿಸದೆ ಲಕ್ಷಾಂತರ ಖಾತೆ ತೆರೆದರು. 2016ರ ಸೆಪ್ಟೆಂಬರಿನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿದ್ದಾಗ ಹೊರಬಂದ ಸುದ್ದಿಯೆಂದರೆ ಅಷ್ಟರಲ್ಲಾಗಲೇ ಸುಮಾರು 5,300 ನೌಕರರನ್ನು ಕೆಲಸದಿಂದ ತೆಗೆದಿದ್ದರು. ಒಳಗಿನಿಂದ ದೂರು ಕೊಟ್ಟ ಒಬ್ಬ ವ್ಯವಸ್ಥಾಪಕರನ್ನು ತೆಗೆದದ್ದು ತಪ್ಪು, ಅವರಿಗೆ 54 ಲಕ್ಷ ಡಾಲರ್ ಕೊಡಿ ಎಂದು ಸರ್ಕಾರಿ ಇಲಾಖೆ 2017ರಲ್ಲಿ ಆದೇಶಿಸಬೇಕಾಯಿತು. ಮುಖ್ಯಸ್ಥ ಜಾನ್ ಸ್ಟಂಪ್ ಜೈಲಿಗೆ ಹೋಗಲಿಲ್ಲ, 4.1 ಕೋಟಿ ಡಾಲರಿನ ಷೇರು ಬಿಟ್ಟುಕೊಟ್ಟರು, 2020ರಲ್ಲಿ 1.75 ಕೋಟಿ ಡಾಲರ್ ದಂಡ ಕಟ್ಟಿದರು. ಆ ಖಾತೆಗಳನ್ನು ತೆರೆದ ವಿಭಾಗದ ಮುಖ್ಯಸ್ಥೆ ಕ್ಯಾರಿ ಟೋಲ್‌ಸ್ಟೆಟ್ ತನಿಖೆಗೆ ಅಡ್ಡಿಪಡಿಸಿದ ತಪ್ಪನ್ನು ಒಪ್ಪಿಕೊಂಡರು. 2023ರಲ್ಲಿ ಅವರಿಗೆ ಸಿಕ್ಕಿದ್ದು ಮೂರು ವರ್ಷದ ನಿಗಾ, ಜೈಲಲ್ಲ.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಇನ್ನೂ ಹಸಿಗಾಯ. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ 187 ಕೋಟಿ ರೂಪಾಯಿಯ ಅಕ್ರಮ ವರ್ಗಾವಣೆಯ ಪ್ರಕರಣ ಬೆಳಕಿಗೆ ಬಂದದ್ದು 2024ರ ಮೇ ತಿಂಗಳಲ್ಲಿ. ಬೆಳಕಿಗೆ ತಂದದ್ದು ಯಾವ ಆಡಿಟ್ ವರದಿಯೂ ಅಲ್ಲ. ನಿಗಮದ ಲೆಕ್ಕಪತ್ರ ಅಧೀಕ್ಷಕರೊಬ್ಬರು ಶಿವಮೊಗ್ಗದ ತಮ್ಮ ಮನೆಯಲ್ಲಿ ಜೀವ ಕಳೆದುಕೊಂಡರು. ಮೇಲಿನವರ ಒತ್ತಡದ ಬಗ್ಗೆ ಅವರು ಬರೆದಿಟ್ಟ ಪತ್ರ ಸಿಕ್ಕಿತು. ಜೂನ್ 6ರಂದು ಸಚಿವ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು, ಜುಲೈನಲ್ಲಿ ಜಾರಿ ನಿರ್ದೇಶನಾಲಯ ಅವರನ್ನು ಬಂಧಿಸಿತು, ಆಮೇಲೆ ಜಾಮೀನು ಸಿಕ್ಕಿತು. ಯಾರು ತಪ್ಪಿತಸ್ಥರು ಎಂಬುದನ್ನು ನ್ಯಾಯಾಲಯವೇ ಹೇಳಬೇಕು. ಆದರೆ ಲೆಕ್ಕ ಬರೆಯುವವರೊಬ್ಬರು ಸತ್ತ ಮೇಲೆಯೇ ಅವರ ಮಾತಿಗೆ ಕಿವಿ ಸಿಕ್ಕಿತು ಎಂಬುದಕ್ಕೆ ಯಾವ ತೀರ್ಪೂ ಬೇಕಿಲ್ಲ.

ಬೇಡ ಎನ್ನಲು ಬಾಗಿಲು

ಸತ್ಯಂ ನಂತರ ಕಾನೂನು ಕೆಲಮಟ್ಟಿಗೆ ಪಾಠ ಕಲಿಯಿತು. 2013ರ ಕಂಪನಿ ಕಾಯ್ದೆಯ ಕಲಂ 447 ವಂಚನೆಗೆ ಹತ್ತು ವರ್ಷದವರೆಗೆ ಸಜೆ, ವಂಚನೆಯ ಮೊತ್ತದ ಮೂರು ಪಟ್ಟಿನವರೆಗೆ ದಂಡ ಎಂದಿತು. ಕಲಂ 177ರಂತೆ ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ನೌಕರರು ದೂರು ಹೇಳಲು ಒಳಗೊಂದು ವ್ಯವಸ್ಥೆ ಇಡಬೇಕು. ಆದರೆ ಒಳಗಿನ ವ್ಯವಸ್ಥೆ ಕೊನೆಗೆ ತಲುಪುವುದು ಆಡಳಿತ ಮಂಡಳಿಗೇ. ಸತ್ಯಂನಲ್ಲಿ 2008ರ ಡಿಸೆಂಬರ್ 18ರಂದು ಸುಳ್ಳು ಹೆಸರಿನಲ್ಲಿ ಒಬ್ಬರು ವಂಚನೆಯ ಬಗ್ಗೆ ಬರೆದ ಇಮೇಲ್ ಕೂಡ ಮಂಡಳಿಯ ಒಬ್ಬ ನಿರ್ದೇಶಕರಿಗೇ ಹೋಗಿತ್ತು. ತನ್ನ ನಿಜವಾದ ಹೆಸರು ಹಾಕಿ ಸತ್ಯ ಹೇಳುವ ಸ್ಥಿತಿ ಆ ಕಂಪನಿಯಲ್ಲಿ ಇರಲಿಲ್ಲ. 2014ರಲ್ಲಿ ಸಂಸತ್ತು ಅಂಗೀಕರಿಸಿದ ಮಾಹಿತಿದಾರರ ರಕ್ಷಣಾ ಕಾಯ್ದೆ ಸರ್ಕಾರಿ ಭ್ರಷ್ಟಾಚಾರಕ್ಕೆ ಸೀಮಿತ, ಖಾಸಗಿ ಕಂಪನಿಯ ನೌಕರನಿಗೆ ಅದರಲ್ಲಿ ಆಸರೆಯಿಲ್ಲ. ಆ ಕಾಯ್ದೆಯೂ ಜಾರಿಗೆ ಬಾರದೆ ಕುಳಿತಿದೆ.

ಶಿಕ್ಷೆಯನ್ನು ಮೂರು ಪ್ರಶ್ನೆಗಳಿಂದ ಅಳೆಯಬೇಕು. ತಡೆಯುವ ಅಧಿಕಾರ ಯಾರಿಗಿತ್ತು? ಲಾಭ ಯಾರ ಮನೆಗೆ ಹೋಯಿತು? ಬೇಡ ಎನ್ನಲು ಯಾರಿಗೆ ದಾರಿಯಿತ್ತು? ಅಧ್ಯಕ್ಷರಿಗೆ ಅಧಿಕಾರವೂ ಇತ್ತು, ದಾರಿಯೂ ಇತ್ತು. ಲೆಕ್ಕಪರಿಶೋಧಕರಿಗೆ ಸಹಿ ಹಾಕದೆ ಎದ್ದು ಹೋಗುವ ಹಕ್ಕಿತ್ತು. ಅವರ ತಪ್ಪು ಹಗುರವಲ್ಲ. ಸಹಾಯಕ ವ್ಯವಸ್ಥಾಪಕನ ಕೈಯಲ್ಲಿದ್ದದ್ದು ಸಂಬಳ ಮತ್ತು ಲಾಗಿನ್ ಎರಡೇ. ಈ ಮೂವರನ್ನೂ ಏಳು ವರ್ಷ ಎಂಬ ಒಂದೇ ಅಳತೆಗೋಲಿನಿಂದ ಅಳೆದದ್ದು ಸಮಾನತೆಯಂತೆ ಕಾಣುತ್ತದೆ, ನ್ಯಾಯವಲ್ಲ. ಕೆಳಗಿನವನಿಗೆ ತಪ್ಪಿನಷ್ಟು ಶಿಕ್ಷೆಯಾಗಲಿ. ಮೇಲಿನವರಿಗೆ ಅಧಿಕಾರದಷ್ಟು, ಗಳಿಕೆಯಷ್ಟು ಶಿಕ್ಷೆಯಾಗಲಿ.

ಸರ್ಕಾರ ಮಾಡಬೇಕಾದದ್ದು ಇದು: ಖಾಸಗಿ ಕಂಪನಿ, ಸಹಕಾರ ಸಂಘ, ನಿಗಮ ಯಾವುದರಲ್ಲೇ ಇರಲಿ, ಲೆಕ್ಕ ಬರೆಯುವ ನೌಕರ ಕಂಪನಿಯ ಹೊರಗೆ ದೂರು ಕೊಡಲು ಒಂದು ಕಚೇರಿ ಇರಬೇಕು. ದೂರು ಕೊಟ್ಟವನ ಕೆಲಸಕ್ಕೆ ಕಾನೂನಿನ ಕಾವಲಿರಬೇಕು. ಮೊದಲೇ ಬಂದು ಹೇಳಿದವನಿಗೆ ಶಿಕ್ಷೆಯಲ್ಲಿ ರಿಯಾಯಿತಿ ಸಿಗಬೇಕು. ಇನ್ನು ಖಜೂರಿ, ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಹೊರಟು ಅಕೌಂಟ್ಸ್ ಕುರ್ಚಿಯಲ್ಲಿ ಕೂರುವ ತಮ್ಮ ತಂಗಿಯರಿಗೆ ಒಂದು ಮಾತು. ಬಾಯಿಮಾತಿನ ಅಪ್ಪಣೆಗೆ ಲೆಕ್ಕ ಬರೆಯಬೇಡಿ. ಸಾಹೇಬರು ಹೇಳಿದ್ದನ್ನು ಅವರ ಇಮೇಲಿನಲ್ಲೇ ಕೇಳಿ ಪಡೆಯಿರಿ. ನಿಮ್ಮ ಲಾಗಿನ್ ಯಾರಿಗೂ ಕೊಡಬೇಡಿ. ಕೆಲಸ ಇನ್ನೊಂದು ಸಿಕ್ಕೀತು. ಸುಳ್ಳು ಲೆಕ್ಕದ ಕೆಳಗೆ ಹಾಕಿದ ಸಹಿ ಮಾತ್ರ ನಿಮ್ಮದೇ, ಅದಕ್ಕೆ ಕೋರ್ಟಿನಲ್ಲಿ ಉತ್ತರ ಹೇಳಬೇಕಾದವರೂ ನೀವೇ.